11 ಲಕ್ಷದ ಕಾರಿಗೆ 14.24 ಲಕ್ಷದ ಕೊಟೇಶನ್: ಯಾವ ಸಾಲು ಹೊಡೆಸಬಹುದು?

ಅಗ್ರಹಾರದ ಅಕ್ಕ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಶೋರೂಂನವರು ಕೊಟ್ಟ ಚೀಟಿ ಇದು. ನಾಲ್ಕು ಮೀಟರ್ ಒಳಗಿನ ಎಸ್‌ಯುವಿ, 1197 ಸಿಸಿ ಪೆಟ್ರೋಲ್, ಸಾಲದ ಮೇಲೆ.

ಎಕ್ಸ್-ಶೋರೂಂ 11,00,000
ರಸ್ತೆ ತೆರಿಗೆ ಮತ್ತು ನೋಂದಣಿ 2,18,000
ಇನ್ಶೂರೆನ್ಸ್ 58,400
ಟಿಸಿಎಸ್ 11,000
ಹ್ಯಾಂಡ್ಲಿಂಗ್ 9,500
ಎಸೆನ್ಷಿಯಲ್ ಕಿಟ್ 24,900
ಎಕ್ಸ್‌ಟೆಂಡೆಡ್ ವಾರಂಟಿ 21,000
ಫಾಸ್ಟ್‌ಟ್ಯಾಗ್ 1,000
ಡಿಸ್ಕೌಂಟ್ ಕಳೆದು (20,000) ಒಟ್ಟು 14,23,800

ಇದರಲ್ಲಿ ಯಾವುದು ಕಡ್ಡಾಯ, ಯಾವುದು ಅವರ ಲಾಭ? ದಿನಕ್ಕೆ 9 ಕಿ.ಮೀ. ಊರೊಳಗಿನ ಓಡಾಟ, ತಿಂಗಳಿಗೊಮ್ಮೆ ಚಿಕ್ಕಮಗಳೂರು. ಆಟೋಮ್ಯಾಟಿಕ್ ಬೇಕು. ಯಾವ ಗೇರ್‌ಬಾಕ್ಸ್ ಬಾಳಿಕೆ ಬರುತ್ತೆ ಅನ್ನೋದನ್ನೂ ಗೊತ್ತಿರೋರು ಹೇಳಿ.

ಲೆಕ್ಕದ ಪುಸ್ತಕ
ಮೊದಲು ತೆರಿಗೆಯ ಸಾಲು ನೋಡೋಣ. ಯಾರೂ ಪ್ರಶ್ನೆ ಮಾಡದ ಸಾಲು ಅದೇ.

ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಲೈಫ್ ಟ್ಯಾಕ್ಸ್ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆ ಮೇಲೆ ಮತ್ತೆ ಶೇ 11 ಸೆಸ್. ನಿಮ್ಮ 11 ಲಕ್ಷಕ್ಕೆ ತೆರಿಗೆ 1,87,000, ಸೆಸ್ 20,570, ಎರಡೂ ಸೇರಿ 2,07,570. ನೋಂದಣಿ 600, ಸ್ಮಾರ್ಟ್ ಕಾರ್ಡ್ 200, ಸಾಲ ನಮೂದಿಸೋಕೆ 1,500. ಅಲ್ಲಿಗೆ 2,09,870. ಇತರೆ ಸಣ್ಣ ಶುಲ್ಕ ಅಂತ ಇನ್ನೊಂದು ಸಾವಿರದೈನೂರು ಹಾಕಿದರೂ 2,11,500 ದಾಟಲ್ಲ. ಅವರು ಬರೆದಿರೋದು 2,18,000. ಆರೂವರೆ ಸಾವಿರ ಸುಮ್ಮನೆ ರೌಂಡ್ ಮಾಡಿದ್ದಾರೆ.

ಜಗಳ ಬೇಡ. "ಆರ್‌ಟಿಒ ರಸೀದಿ ಪ್ರಕಾರ ಕೊಡ್ತೀನಿ, ಹೆಚ್ಚಿಗೆ ತಗೊಂಡಿದ್ದು ವಾಪಸ್ ಕೊಡಿ" ಅಂತ ಕೊಟೇಶನ್ ಮೇಲೆ ಬರೆಸಿಕೊಳ್ಳಿ. ಸರ್ಕಾರದ ವಾಹನ್ ಪೋರ್ಟಲ್‌ನಿಂದ ಬರೋ ರಸೀದಿಯಲ್ಲಿ ಪೈಸೆ ಪೈಸೆ ಲೆಕ್ಕ ಇರುತ್ತೆ.

ವೇರಿಯಂಟ್ ಆರಿಸೋರಿಗೂ ಒಂದು ಮಾತು. ಶೇ 17 ಬೀಳೋದು 10 ಲಕ್ಷದ ಮೇಲಿನ ಭಾಗಕ್ಕಲ್ಲ, ಪೂರ್ತಿ ಬೆಲೆಗೆ. 9,99,000ದ ಕಾರಿಗೆ ತೆರಿಗೆ, ಸೆಸ್ ಸೇರಿ 1,55,245. 10,01,000 ಆದರೆ 1,88,889. ಎರಡು ಸಾವಿರದ ವ್ಯತ್ಯಾಸಕ್ಕೆ 33 ಸಾವಿರ ಹೋಗುತ್ತೆ.

ಕೆಎ 25 ಹುಬ್ಬಳ್ಳಿ
ಅಕ್ಕಾರ, ಹ್ಯಾಂಡ್ಲಿಂಗ್ ಒಂದ್ ರೂಪಾಯಿನೂ ಕೊಡಬ್ಯಾಡ್ರಿ. ಫ್ಯಾಕ್ಟರಿಯಿಂದ ಶೋರೂಂ ತನಕ ತರೂ ಖರ್ಚು ಎಕ್ಸ್-ಶೋರೂಂ ರೇಟಿನಾಗ ಸೇರೇತಿ. "ಇದಕ್ಕ ಜಿಎಸ್‌ಟಿ ನಂಬರ್ ಹಾಕಿ ಬೇರೆ ಬಿಲ್ ಕೊಡ್ರಿ" ಅಂದ ಕೂಡ್ಲೇ ಮ್ಯಾನೇಜರ್ ಎದ್ದು ಬರ್ತಾನ, ಹೊಡದು ಹಾಕ್ತಾನ.

ಪೀಣ್ಯ ಡಿಪೋ
ಹುಬ್ಬಳ್ಳಿ ಸರ್ ಹೇಳಿದ್ದು ಸರಿ, ಆದರೆ ಪೂರ್ತಿ ಅಲ್ಲ. ಹ್ಯಾಂಡ್ಲಿಂಗ್ ತೆಗೆದು ಅದೇ 9,500 ಅನ್ನು ಡಿಸ್ಕೌಂಟ್‌ನಲ್ಲಿ ಕಡಿಮೆ ಮಾಡ್ತಾರೆ. ಒಂದೊಂದು ಸಾಲಿಗೆ ಹೋರಾಡಿ ಕೊನೆ ಮೊತ್ತ ನೋಡದಿದ್ದರೆ ಗೆದ್ದಂಗೆ ಕಾಣುತ್ತೆ, ದುಡ್ಡು ಮಾತ್ರ ಅಷ್ಟೇ ಹೋಗಿರುತ್ತೆ.

ಶೋರೂಂ ಒಳಗಿನ ಲೆಕ್ಕ ಹೇಗಿದೆ ಅಂದರೆ, ಕಾರಿನ ಮೇಲೆ ಡೀಲರ್‌ಗೆ ಸಿಗೋ ಮಾರ್ಜಿನ್ ಬಹಳ ಸಣ್ಣದು. ಬಾಡಿಗೆ, ಸಂಬಳ, ಸ್ಟಾಕ್ ಮೇಲಿನ ಬಡ್ಡಿ ಕಳೆದರೆ ಏನೂ ಉಳಿಯಲ್ಲ ಅನ್ನೋ ತಿಂಗಳೂ ಇದೆ. ದುಡ್ಡು ಬರೋದು ಇನ್ಶೂರೆನ್ಸ್ ಕಮಿಷನ್, ಸಾಲ ಮಾಡಿಸಿದ್ದಕ್ಕೆ ಬ್ಯಾಂಕ್ ಕೊಡೋ ಪೇಔಟ್, ಆಕ್ಸೆಸರಿ, ಎಕ್ಸ್‌ಟೆಂಡೆಡ್ ವಾರಂಟಿ, ಹಳೇ ಕಾರು ಎಕ್ಸ್‌ಚೇಂಜ್, ಆಮೇಲೆ ವರ್ಕ್‌ಶಾಪ್‌ನಿಂದ. ಎಕ್ಸಿಕ್ಯೂಟಿವ್‌ಗೂ ಟಾರ್ಗೆಟ್ ಹಾಗೇ: ಇಷ್ಟು ಕಾರಿಗೆ ಇಷ್ಟು ಇನ್ಶೂರೆನ್ಸ್, ಪ್ರತಿ ಕಾರಿಗೆ ಇಷ್ಟು ಸಾವಿರದ ಆಕ್ಸೆಸರಿ. ಕಾರು ಮಾರಿ ಇನ್ಶೂರೆನ್ಸ್ ಬಿಟ್ಟರೆ ಅವನ ಇನ್ಸೆಂಟಿವ್ ಕಟ್ ಆಗುತ್ತೆ. ಎದುರಿಗೆ ಕೂತ ಹುಡುಗನ ಮೇಲೆ ರೇಗೋದು ಬೇಡ, ಅವನ ಕೈಯಲ್ಲಿ ಏನಿದೆ ಅಂತ ತಿಳಿದು ಮಾತಾಡಿ.

ಡೀಲರ್ ಡಿಸ್ಕೌಂಟ್ ಹೆಚ್ಚಿಸೋಕೆ ಹಿಂಜರಿಯೋದಕ್ಕೆ ಇನ್ನೊಂದು ಕಾರಣ ಇದೆ. ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಡಿಸ್ಕೌಂಟ್ ಕೊಡದಂತೆ ಡೀಲರ್‌ಗಳನ್ನು ಕಟ್ಟಿಹಾಕಿದ್ದಕ್ಕೆ ಸ್ಪರ್ಧಾ ಆಯೋಗ 2021ರ ಆಗಸ್ಟ್‌ನಲ್ಲಿ ಮಾರುತಿ ಸುಜುಕಿಗೆ 200 ಕೋಟಿ ದಂಡ ಹಾಕಿತ್ತು. ಗಿರಾಕಿ ವೇಷದಲ್ಲಿ ಜನ ಕಳಿಸಿ ಡೀಲರ್‌ಗಳನ್ನು ಪರೀಕ್ಷೆ ಮಾಡಿಸಿದ್ದು ಆ ಆದೇಶದಲ್ಲೇ ಇದೆ. ಕಂಪನಿ ಮೇಲ್ಮನವಿಗೆ ಹೋಯಿತು, ಅದು ಬೇರೆ ಮಾತು.

ತುಂಗಾ ತೀರ
ಅಂದ್ರೆ ತಿಂಗಳ ಕೊನೇಲಿ ಹೋದ್ರೆ ಕಡಿಮೆ ಸಿಗುತ್ತೆ ಅನ್ನೋದು ನಿಜಾನಾ?

ಪೀಣ್ಯ ಡಿಪೋ
ಡೀಲರ್ ಹತ್ತಿರ ಸ್ಟಾಕ್ ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ. ಕಂಪನಿಗಳು ಪ್ರತಿ ತಿಂಗಳು ಹೇಳೋ "ಮಾರಾಟ" ಡೀಲರ್‌ಗೆ ಕಳಿಸಿದ ಲೆಕ್ಕ. ಗಿರಾಕಿಗೆ ಹೋದ ಲೆಕ್ಕ ಡೀಲರ್‌ಗಳ ಒಕ್ಕೂಟ ಫಾಡಾ ಕೊಡೋದು, ಅದು ನೋಂದಣಿ ಅಂಕಿ. ಎರಡರ ನಡುವೆ ಅಂತರ ಬೆಳೀತಿದ್ದರೆ ಯಾರ್ಡ್ ತುಂಬಿದೆ ಅಂತ ಅರ್ಥ. 2024ರ ಸೆಪ್ಟೆಂಬರ್ ಹೊತ್ತಿಗೆ 80ರಿಂದ 85 ದಿನದ ಸ್ಟಾಕ್ ಡೀಲರ್‌ಗಳ ತಲೆ ಮೇಲಿತ್ತು. ಅಂಥ ಹೊತ್ತಲ್ಲಿ ತಿಂಗಳ ಮೊದಲ ವಾರ ಹೋದರೂ ಬಗ್ಗುತ್ತಾರೆ. ವೇಟಿಂಗ್ ಇರೋ ಮಾಡೆಲ್‌ಗೆ ಮಾರ್ಚ್ 31ಕ್ಕೆ ಹೋದರೂ ಏನೂ ಇಲ್ಲ.

ವಿಮೆ ವಿಚಾರ
ಇನ್ಶೂರೆನ್ಸ್ 58,400 ನೋಡಿ ಬರೀತಿದ್ದೀನಿ. ಇದರಲ್ಲಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗೋ ಹಾನಿಗೆ. ಅದರ ದರ ಸರ್ಕಾರ ನಿಗದಿ ಮಾಡಿದ್ದು. 1000ದಿಂದ 1500 ಸಿಸಿ ಹೊಸ ಕಾರಿಗೆ ಮೂರು ವರ್ಷಕ್ಕೆ 10,640, ಜಿಎಸ್‌ಟಿ ಸೇರಿ 12,555. ಯಾವ ಕಂಪನಿಗೆ ಹೋದರೂ ಇಷ್ಟೇ. ಉಳಿದ 45,800 ಓನ್ ಡ್ಯಾಮೇಜ್ (ನಿಮ್ಮದೇ ಕಾರಿನ ಹಾನಿಗೆ) ಮತ್ತು ಆಡ್-ಆನ್ (ಅದರ ಮೇಲಿನ ಹೆಚ್ಚುವರಿ ಕವರ್). ಚೌಕಾಸಿ ನಡೆಯೋದು ಅಲ್ಲಿ ಮಾತ್ರ.

ಅವರ ಹತ್ತಿರ ಪ್ರೀಮಿಯಂ ಬ್ರೇಕಪ್ ಕೇಳಿ. ಮೂರು ಅಂಕಿ ನೋಡಿ. ಮೊದಲನೇದು ಐಡಿವಿ, ಅಂದರೆ ಕಾರು ಕಳವಾದರೆ ಅಥವಾ ಪೂರ್ತಿ ಹಾಳಾದರೆ ಇನ್ಶೂರೆನ್ಸ್‌ನವರು ಕೊಡೋ ಗರಿಷ್ಠ ಮೊತ್ತ. ಹೊಸ ಕಾರಿಗೆ ಎಕ್ಸ್-ಶೋರೂಂನ ಶೇ 95, ಅಂದರೆ 10,45,000 ಇರಬೇಕು. ಎರಡನೇದು ಓನ್ ಡ್ಯಾಮೇಜ್ ಮೇಲೆ ಎಷ್ಟು ಡಿಸ್ಕೌಂಟ್ ಕೊಟ್ಟಿದ್ದಾರೆ. ಮೂರನೇದು ಆಡ್-ಆನ್ ಪಟ್ಟಿ. ಝೀರೋ ಡೆಪ್ರಿಸಿಯೇಶನ್ (ಬಿಡಿಭಾಗದ ಸವಕಳಿ ಕಳೆಯದೆ ಕೊಡೋದು), ರಿಟರ್ನ್ ಟು ಇನ್‌ವಾಯ್ಸ್ (ಕಾರು ಪೂರ್ತಿ ಹೋದರೆ ಬಿಲ್ ಮೊತ್ತ ಕೊಡೋದು), ಎಂಜಿನ್ ಪ್ರೊಟೆಕ್ಟ್ ಇಟ್ಟುಕೊಳ್ಳಿ. ಕೀ ರಿಪ್ಲೇಸ್‌ಮೆಂಟ್, ಲಗೇಜ್ ಕಳವು, ಟೈರ್ ಕವರ್ ಇವೆಲ್ಲ ತೆಗೆಸಬಹುದು. 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಬೇರೆ ಎಲ್ಲಾದರೂ ಇದ್ದರೆ ಇಲ್ಲಿ ಮತ್ತೆ ಬೇಕಿಲ್ಲ.

ಹಳೇ ಕಾರು ಮಾರ್ತಿದ್ದೀರಾ? ಅದರ ನೋ ಕ್ಲೇಮ್ ಬೋನಸ್ ನಿಮ್ಮದು, ಕಾರಿನದಲ್ಲ. ಹಳೇ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು, ಓನ್ ಡ್ಯಾಮೇಜ್ ಮೇಲೆ ಶೇ 50ರವರೆಗೆ ಇಳಿಯುತ್ತೆ. ಎಕ್ಸ್‌ಚೇಂಜ್ ಮಾಡುವಾಗ ಇದನ್ನು ಯಾರೂ ನೆನಪಿಸಲ್ಲ.

ಗೊರೂರು ಗೌಡ
ಹೊರಗಡೆ ಇನ್ಶೂರೆನ್ಸ್ ಮಾಡಿಸಿದ್ರೆ ವಾರಂಟಿ ಹೋಗುತ್ತೆ ಅಂತಾರಲ್ಲ? ಥರ್ಡ್ ಪಾರ್ಟಿನೂ ಒಂದ್ ವರ್ಷಕ್ಕೆ ಸಾಕು ಅನ್ಸುತ್ತೆ.

ವಿಮೆ ವಿಚಾರ
ಎರಡೂ ತಪ್ಪು ಗೌಡ್ರೇ. ವಾರಂಟಿಗೂ ಇನ್ಶೂರೆನ್ಸ್‌ಗೂ ಸಂಬಂಧವೇ ಇಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷ, ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಒಂದು ವರ್ಷಕ್ಕೆ ಸಾಕಾಗೋದು ಓನ್ ಡ್ಯಾಮೇಜ್.

ಆದರೆ ಕ್ಯಾಶ್‌ಲೆಸ್ ಬಗ್ಗೆ ಶೋರೂಂನವರು ಹೆದರಿಸೋದರಲ್ಲಿ ಸ್ವಲ್ಪ ಸತ್ಯ ಇದೆ. ನಿಮ್ಮ ಊರಿನ ಆ ಬ್ರ್ಯಾಂಡ್ ವರ್ಕ್‌ಶಾಪ್ ನಿಮ್ಮ ಇನ್ಶೂರೆನ್ಸ್ ಕಂಪನಿ ಪಟ್ಟಿಯಲ್ಲಿ ಇದೆಯಾ ಅಂತ ಮೊದಲೇ ನೋಡಿ. ಇಲ್ಲದಿದ್ದರೆ ಕೈಯಿಂದ ಕಟ್ಟಿ ಆಮೇಲೆ ವಾಪಸ್ ಪಡೀಬೇಕು. ಹೊರಗಿನ ಕೊಟೇಶನ್ ತೋರಿಸಿದರೆ ಶೋರೂಂನವರೇ ಹತ್ತಿರಕ್ಕೆ ಬರ್ತಾರೆ. ಎರಡು ಮೂರು ಸಾವಿರದ ಅಂತರಕ್ಕೆ ಬಂದರೆ ಅವರಲ್ಲೇ ಮಾಡಿಸಿ ಅನ್ನೋದು ನನ್ನ ಅಭಿಪ್ರಾಯ.

ಲೆಕ್ಕದ ಪುಸ್ತಕ
ಟಿಸಿಎಸ್ (ಮಾರೋರು ನಿಮ್ಮಿಂದ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟೋ ಆದಾಯ ತೆರಿಗೆ) 11,000 ಕೊಡಲೇಬೇಕು, 10 ಲಕ್ಷ ದಾಟಿದ ಕಾರಿಗೆ ಶೇ 1. ಆದರೆ ಅದು ನಿಮ್ಮ ದುಡ್ಡೇ, ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ವಜಾ ಆಗುತ್ತೆ ಅಥವಾ ವಾಪಸ್ ಬರುತ್ತೆ. ಯಾರ ಹೆಸರಲ್ಲಿ ಇನ್‌ವಾಯ್ಸ್ ಇದೆಯೋ ಅವರ ಪ್ಯಾನ್ ಕೊಡಿ. ಗೃಹಿಣಿ ಹೆಸರಲ್ಲಿ ಕಾರು, ಗಂಡನ ಪ್ಯಾನ್ ಅಂತ ಆದರೆ ಕ್ಲೇಮ್ ಮಾಡೋದು ಕಷ್ಟ.

ಸಾಲದ ವಿಷಯ. "ಫ್ಲಾಟ್ ಶೇ 5 ಮಾತ್ರ" ಅಂದರೆ ಖುಷಿ ಪಡಬೇಡಿ, ಅದು ಕೊನೇವರೆಗೂ ಪೂರ್ತಿ ಸಾಲದ ಮೇಲೆ ಹಾಕೋ ಬಡ್ಡಿ. ಏಳು ವರ್ಷಕ್ಕೆ ಅದು ರೆಡ್ಯೂಸಿಂಗ್, ಅಂದರೆ ಉಳಿದ ಬಾಕಿ ಮೇಲೆ ಮಾತ್ರ ಬಡ್ಡಿ ಹಾಕೋ ಲೆಕ್ಕದಲ್ಲಿ ಸುಮಾರು ಶೇ 9. 10 ಲಕ್ಷಕ್ಕೆ 84 ಕಂತು ಅಂದರೆ ಶೇ 9ಕ್ಕೆ ಇಎಂಐ 16,089, ಶೇ 9.5ಕ್ಕೆ 16,344. ಅರ್ಧ ಪರ್ಸೆಂಟಿಗೆ 21,420 ಹೆಚ್ಚು. ನಿಮ್ಮ ಸಂಬಳದ ಖಾತೆ ಇರೋ ಬ್ಯಾಂಕಲ್ಲಿ ಒಂದು ಸ್ಯಾಂಕ್ಷನ್ ಪತ್ರ ತಗೊಂಡು ಶೋರೂಂಗೆ ಹೋಗಿ.

ಕುಂದಾಪ್ರ ಸೇತುವೆ
ಕಿಟ್ 24,900ರಲ್ಲಿ ಏನೇನಿದೆ?

ಅಗ್ರಹಾರದ ಅಕ್ಕ
ಸೀಟ್ ಕವರ್, 7ಡಿ ಮ್ಯಾಟ್, ಮಡ್ ಫ್ಲ್ಯಾಪ್, ಅಂಡರ್‌ಬಾಡಿ ಕೋಟಿಂಗ್, ಪೇಂಟ್ ಪ್ರೊಟೆಕ್ಷನ್, ಡೋರ್ ವೈಸರ್.

ಸ್ಪ್ಯಾನರ್ ಹತ್ತು ಹನ್ನೆರಡು
ಮಡ್ ಫ್ಲ್ಯಾಪ್ ಬಿಟ್ಟರೆ ಉಳಿದದ್ದೆಲ್ಲ ಬೇಡ. ಕಾರಣ ಹೇಳ್ತೀನಿ.

ಸೀಟ್ ಕವರ್: ಆರು ಏರ್‌ಬ್ಯಾಗ್ ಇರೋ ಕಾರಲ್ಲಿ ಪಕ್ಕದ ಏರ್‌ಬ್ಯಾಗ್ ಇರೋದು ಮುಂದಿನ ಸೀಟಿನ ಹೊರ ಅಂಚಲ್ಲಿ. ದಪ್ಪ ರೆಕ್ಸಿನ್ ಕವರ್ ಬಿಗಿಯಾಗಿ ಹೊಲಿದರೆ ಅದು ಬಿಚ್ಚಿಕೊಳ್ಳೋದು ತಡ ಆಗುತ್ತೆ, ದಿಕ್ಕು ತಪ್ಪುತ್ತೆ. ಬೇಕೇ ಬೇಕು ಅಂದರೆ ಆ ಜಾಗದಲ್ಲಿ ಹರಿಯೋ ಹೊಲಿಗೆ ಇರೋ ಕವರ್ ಕೇಳಿ.

7ಡಿ ಮ್ಯಾಟ್: ಕಂಪನಿ ಮ್ಯಾಟ್ ಮೇಲೆ ಇದನ್ನು ಹಾಕಿದರೆ ಆಕ್ಸಿಲರೇಟರ್ ಪೆಡಲ್ ಕೆಳಗಿನ ಸಂದು ಮುಚ್ಚುತ್ತೆ. ಪೆಡಲ್ ಪೂರ್ತಿ ಒತ್ತಿ ಬಿಟ್ಟಾಗ ಎಲ್ಲೂ ತಾಗದೆ ಮೇಲೆ ಬರಬೇಕು. ಅಡಿಯಲ್ಲಿ ನೀರು ನಿಂತರೆ ಕಾಣಿಸೋದೂ ಇಲ್ಲ, ಕಾರ್ಪೆಟ್ ಕೊಳೆಯುತ್ತೆ.

ಅಂಡರ್‌ಬಾಡಿ ಕೋಟಿಂಗ್: ಮೈಸೂರಿಗೆ ಬೇಡ. ಕುಂದಾಪುರ, ಕಾರವಾರದ ಕಡೆ ಉಪ್ಪುಗಾಳಿಗೆ ಅರ್ಥ ಇದೆ. ಆದರೆ ಡೋರ್ ಅಡಿಯ ಮತ್ತು ಸಿಲ್‌ನ ನೀರು ಹೋಗೋ ತೂತುಗಳನ್ನು ಟೇಪ್ ಹಾಕಿ ಬಿಟ್ಟು ಹೊಡೀಬೇಕು. ತೂತು ಮುಚ್ಚಿದರೆ ತುಕ್ಕು ಒಳಗಿನಿಂದಲೇ ಶುರು.

ಸ್ಟೀರಿಯೋ, ಹಾರ್ನ್, ಫಾಗ್ ಲ್ಯಾಂಪ್ ಏನೇ ಹಾಕಿಸಿದರೂ ವೈರ್ ಕತ್ತರಿಸಿ ಟೇಪ್ ಸುತ್ತೋಕೆ ಬಿಡಬೇಡಿ, ಸಿಕ್ಕಿಸೋ ಕಪ್ಲರ್ ಇರಲಿ. ವಾರಂಟಿ ನಿರಾಕರಿಸೋಕೆ ಮೊದಲು ತೋರಿಸೋದೇ ಕತ್ತರಿಸಿದ ವೈರ್.

ಕುಂದಾಪ್ರ ಸೇತುವೆ
ಕರಾವಳಿಗೆ ಕೋಟಿಂಗ್ ಬೇಕೇ ಬೇಕು ಮಾರಾಯ್ರೆ. ಎರಡು ಮಳೆಗಾಲ ಕಳೆದ ಕಾರಿನ ಅಡಿ ನೋಡಿದರೆ ಗೊತ್ತಾಗ್ತದೆ, ಸಬ್‌ಫ್ರೇಮ್ ಬೋಲ್ಟ್ ಪೂರಾ ಕೆಂಪು.

ಪೀಣ್ಯ ಡಿಪೋ
ಎಲ್ಲಕ್ಕಿಂತ ಮುಖ್ಯವಾದ್ದು ಇನ್ನೂ ಯಾರೂ ಹೇಳಿಲ್ಲ. ಪೂರ್ತಿ ದುಡ್ಡು ಕಟ್ಟೋ ಮೊದಲು, ಇನ್‌ವಾಯ್ಸ್ ಆಗೋ ಮೊದಲು ಚಾಸಿ ನಂಬರ್ ತಗೊಂಡು ಯಾರ್ಡ್‌ಗೆ ಹೋಗಿ ಕಾರು ನೋಡಿ. ನೋಂದಣಿ ಆದ ಮೇಲೆ ದೋಷ ಕಂಡರೆ "ಸರಿ ಮಾಡಿ ಕೊಡ್ತೀವಿ" ಅನ್ನೋದೇ ಉತ್ತರ, ಕಾರು ಬದಲಾಗಲ್ಲ. ದುಡ್ಡನ್ನು ಡೀಲರ್‌ಶಿಪ್‌ನ ಬ್ಯಾಂಕ್ ಖಾತೆಗೇ ಹಾಕಿ, ರಸೀದಿ ಪಡೀರಿ. ಎಕ್ಸಿಕ್ಯೂಟಿವ್‌ನ ಸ್ವಂತ ಯುಪಿಐಗೆ ಬುಕಿಂಗ್ ದುಡ್ಡೂ ಹಾಕಬೇಡಿ.

ನೋಡೋಕೆ ಹಗಲು ಹೊತ್ತಲ್ಲೇ ಹೋಗಿ. ಚಾಸಿ ನಂಬರ್ 17 ಅಕ್ಷರ. ಸಾಮಾನ್ಯವಾಗಿ ಹತ್ತನೇ ಅಕ್ಷರ ವರ್ಷ: ಆರ್ ಅಂದರೆ 2024, ಎಸ್ ಅಂದರೆ 2025, ಟಿ ಅಂದರೆ 2026. ತಿಂಗಳ ಗುರುತು ಕಂಪನಿಯಿಂದ ಕಂಪನಿಗೆ ಬೇರೆ. ಡೀಲರ್ ಕೊಡೋ ಮಾರಾಟ ಪ್ರಮಾಣಪತ್ರ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ಬರೆದಿರಬೇಕು, ಅದನ್ನೂ ತಾಳೆ ನೋಡಿ. ಟೈರ್ ಪಕ್ಕದ ನಾಲ್ಕಂಕಿ 3225 ಇದ್ದರೆ 2025ರ 32ನೇ ವಾರ. ಟೈರ್ ಕಾರಿಗಿಂತ ಸ್ವಲ್ಪ ಹಳೇದಿರೋದು ಸಹಜ. ಒಂದೇ ಟೈರ್ ಕಾರಿಗಿಂತ ಎರಡು ತಿಂಗಳು ಹೊಸದಿದ್ದರೆ ಯಾಕೆ ಬದಲಾಯಿಸಿದ್ದು ಅಂತ ಕೇಳಿ.

ಪೇಂಟ್ ಮತ್ತೆ ಹೊಡೆದಿದ್ದು ಕಂಡುಹಿಡಿಯೋಕೆ ಬಾನೆಟ್ ಎತ್ತಿ, ಫೆಂಡರ್ ಮತ್ತು ಹಿಂಜ್ ಬೋಲ್ಟ್‌ಗಳ ತಲೆ ನೋಡಿ. ಫ್ಯಾಕ್ಟರಿಯಿಂದ ಬಂದ ಬೋಲ್ಟ್ ಮೇಲೆ ಬಣ್ಣದ ಪದರ ಹಾಗೇ ಕೂತಿರುತ್ತೆ. ಸ್ಪ್ಯಾನರ್ ಬಿದ್ದಿದ್ದರೆ ಆರು ಮೂಲೆಗಳಲ್ಲಿ ಬಣ್ಣ ಎದ್ದು ಕಬ್ಬಿಣ ಮಿನುಗುತ್ತೆ. ಬಾಗಿಲಿನ ರಬ್ಬರ್ ಬೀಡಿಂಗ್ ಬೆರಳಲ್ಲಿ ಸ್ವಲ್ಪ ಮಡಚಿ ನೋಡಿ, ಅದರ ಅಂಚಿಗೆ ಮಂಜಿನ ಹಾಗೆ ಬಣ್ಣದ ಪುಡಿ ಕೂತಿದ್ದರೆ ಸ್ಪ್ರೇ ಆಗಿದೆ. ಪೇಂಟ್ ದಪ್ಪ ಅಳೆಯೋ ಗೇಜ್ ಸಿಕ್ಕರೆ ಇನ್ನೂ ಒಳ್ಳೇದು: ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 80ರಿಂದ 140 ಮೈಕ್ರಾನ್, ಒಂದು ಪ್ಯಾನೆಲ್ ಮಾತ್ರ 200 ದಾಟಿದರೆ ಅನುಮಾನ ಪಡಿ. ಗಾಜುಗಳ ಮೂಲೆಯ ಮಾರ್ಕ್ ಎಲ್ಲದರಲ್ಲೂ ಒಂದೇ ವರ್ಷ ಇರಬೇಕು.

ಸ್ಪ್ಯಾನರ್ ಹತ್ತು ಹನ್ನೆರಡು
ಇದಕ್ಕೆ ಬ್ಯಾಟರಿ ಸೇರಿಸಿ. ಯಾರ್ಡ್‌ನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನದ್ದು ಇಳಿದಿರುತ್ತೆ. ಎಂಜಿನ್ ಆಫ್ ಇದ್ದಾಗ ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್ ಅಂದರೆ ಸರಿ, 12.4ರ ಕೆಳಗಿದ್ದರೆ ಚಾರ್ಜ್ ಮಾಡಿಸಿ, 12ರ ಕೆಳಗೆ ಬಿದ್ದಿದ್ದರೆ ಬೇರೆ ಬ್ಯಾಟರಿ ಕೇಳಿ. ಒಮ್ಮೆ ಹಾಗೆ ಸತ್ತ ಬ್ಯಾಟರಿ ವರ್ಷ, ಒಂದೂವರೆ ವರ್ಷದಲ್ಲಿ ಕೈಕೊಡುತ್ತೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ ನೋಡಿ, ಇಲಿ ಗೂಡು ಅಲ್ಲೇ.

ತುಂಗಾ ತೀರ
ಇಲಿ ವೈರ್ ಕಡಿದ್ರೆ ವಾರಂಟಿಲಿ ಬರುತ್ತಾ? ನಮ್ಮ ಕಡೆ ಬಾನೆಟ್ ಒಳಗೆ ತಂಬಾಕು ಎಲೆ ಕಟ್ತಾರೆ.

ಸ್ಪ್ಯಾನರ್ ಹತ್ತು ಹನ್ನೆರಡು
ವಾರಂಟಿಯಲ್ಲಿ ಬರಲ್ಲ. ಇನ್ಶೂರೆನ್ಸ್‌ನಲ್ಲಿ ಬರುತ್ತಾ ಅಂತ ಪಾಲಿಸಿ ನೋಡಬೇಕು. ತಂಬಾಕು ಎಲೆ ವಾಸನೆ ಹೋಗೋವರೆಗೆ ಮಾತ್ರ, ಎರಡು ಮೂರು ವಾರಕ್ಕೆ ಬದಲಾಯಿಸಬೇಕು, ಬಿಸಿ ಎಕ್ಸಾಸ್ಟ್‌ಗೆ ತಾಗದಂತೆ ಕಟ್ಟಬೇಕು.

ಈಗ ಗೇರ್‌ಬಾಕ್ಸ್. ದಿನಕ್ಕೆ 9 ಕಿ.ಮೀ., ಸಿಗ್ನಲ್ಲು, ಹಂಪು. ಇದಕ್ಕೆ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಸಿಗೋ ಕಾರಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಒಳಗೆ ಎಣ್ಣೆ ಮೂಲಕ ಶಕ್ತಿ ಹೋಗೋದರಿಂದ ತೆವಳೋ ಟ್ರಾಫಿಕ್‌ನಲ್ಲಿ ಕ್ಲಚ್ ಉಜ್ಜಲ್ಲ. "ಲೈಫ್‌ಟೈಮ್ ಆಯಿಲ್" ಅಂದರೂ 60ರಿಂದ 80 ಸಾವಿರ ಕಿ.ಮೀ.ಗೆ ಎಣ್ಣೆ ಬದಲಿಸಿ. ಸಿವಿಟಿ (ಬೇರೆ ಬೇರೆ ಗೇರ್ ಇಲ್ಲದೆ ಬೆಲ್ಟ್ ಮೇಲೆ ಓಡೋದು) ಕೂಡ ಊರೊಳಗೆ ಒಳ್ಳೇದೇ.

ಡ್ರೈ ಕ್ಲಚ್ ಡಿಸಿಟಿ (ಎಣ್ಣೆಯಲ್ಲಿ ಮುಳುಗದ ಎರಡು ಕ್ಲಚ್ ಇರೋದು) ಹೈವೇಯಲ್ಲಿ ಚಂದ. ಬ್ರೇಕ್ ಬಿಟ್ಟು ಹಿಡಿದು ತೆವಳಿಸಿದರೆ ಪ್ರತಿ ಸಲ ಕ್ಲಚ್ ಅರ್ಧ ಹಿಡಿದು ಬಿಸಿ ಆಗುತ್ತೆ. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸ್‌ಗೆ ಕ್ಲಚ್ ಒತ್ತೋ ಆಕ್ಚುಯೇಟರ್ ಇಟ್ಟಿದ್ದು. ಘಾಟಿ ತಿರುವಲ್ಲಿ ಮುಂದಿನ ಬಸ್ಸಿಗೆ ಕಾಯುವಾಗ ಆಕ್ಸಿಲರೇಟರ್ ಮೇಲೆ ಕಾರು ನಿಲ್ಲಿಸಿದರೆ ಕ್ಲಚ್ ಪ್ಲೇಟ್ ಸುಡುತ್ತೆ, ಅದು ವಾರಂಟಿಯಲ್ಲಿ ಬರಲ್ಲ. ಬ್ರೇಕ್ ಮೇಲೆ ನಿಲ್ಲಿಸಿ.

ಗೊರೂರು ಗೌಡ
ಘಾಟಿಗೆ ಡೀಸೆಲ್ಲೇ ಸರಿ ಅಂತೀನಿ. ಎಳೆಯೋ ಶಕ್ತಿ ನೋಡಿ.

ಸ್ಪ್ಯಾನರ್ ಹತ್ತು ಹನ್ನೆರಡು
ಗೌಡ್ರೇ, ಶಕ್ತಿ ನಿಜ. ಆದರೆ 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್‌ನಲ್ಲಿ ಡಿಪಿಎಫ್ ಅನ್ನೋ ಹೊಗೆ ಫಿಲ್ಟರ್ ಇದೆ. ಮಸಿ ಹಿಡಿದಿಟ್ಟು, ತುಂಬಿದಾಗ ಹೆಚ್ಚು ಡೀಸೆಲ್ ಚಿಮ್ಮಿಸಿ ಸುಡುತ್ತೆ. ಅದು ಮುಗಿಯೋಕೆ 60ರ ಮೇಲಿನ ವೇಗದಲ್ಲಿ 15-20 ನಿಮಿಷ ಬೇಕು. ದಿನಕ್ಕೆ 9 ಕಿ.ಮೀ. ಓಡೋ ಕಾರಲ್ಲಿ ಪ್ರತಿ ಸಲ ಅರ್ಧಕ್ಕೆ ನಿಲ್ಲುತ್ತೆ, ಸುಡದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಮ್ಯಾಕ್ಸ್ ಗೆರೆ ದಾಟಿ ಮೇಲೇರಿದ್ದರೆ ಇದೇ ಕಾರಣ. ಅಕ್ಕನ ಓಡಾಟಕ್ಕೆ ಡೀಸೆಲ್ ಬೇಡವೇ ಬೇಡ. ವಾರಕ್ಕೆರಡು ಸಲ ಬೆಂಗಳೂರು ಹೈವೇ ಓಡಿಸೋರಿಗೆ ತೊಂದರೆ ಇಲ್ಲ.

ಕೆಎ 25 ಹುಬ್ಬಳ್ಳಿ
ಇ20 ಪೆಟ್ರೋಲ್‌ದ್ದೂ ಹೇಳ್ರಿ.

ಲೆಕ್ಕದ ಪುಸ್ತಕ
2023ರ ಏಪ್ರಿಲ್‌ನಿಂದ ತಯಾರಾಗೋ ಕಾರಿನ ರಬ್ಬರ್, ಸೀಲ್ ಎಲ್ಲ ಇ20ಗೆ, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಹೊಂದೋ ಹಾಗಿವೆ. ಹೊಸ ಕಾರಿಗೆ ಚಿಂತೆ ಬೇಡ. ನೀತಿ ಆಯೋಗದ 2021ರ ವರದಿ ಪ್ರಕಾರ ಇ0ಗೆ (ಎಥನಾಲ್ ಇಲ್ಲದ ಪೆಟ್ರೋಲ್) ವಿನ್ಯಾಸ ಮಾಡಿ ಇ10ಗೆ ಹೊಂದಿಸಿದ ಕಾರುಗಳಿಗೆ ಇ20 ಹಾಕಿದರೆ ಇಂಧನ ಕ್ಷಮತೆ ಶೇ 6-7 ಇಳಿಯುತ್ತೆ. ಹಳೇ ಕಾರಿನವರು ಫ್ಯೂಯಲ್ ಹೋಸ್ ಮೇಲೆ ಕಣ್ಣಿಡಿ.

ಹಳೇ ಗಾಡಿ ಹನುಮ
ಇಷ್ಟೆಲ್ಲ ಯಾಕೆ, ಎರಡು ವರ್ಷ ಓಡಿದ ಡೆಮೋ ಕಾರು ತಗೊಂಡ್ರೆ ಎರಡ್ಮೂರು ಲಕ್ಷ ಉಳಿಯುತ್ತಲ್ಲ?

ವಿಮೆ ವಿಚಾರ
ತಗೋಬಹುದು, ಆದರೆ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರಾದರೆ ನೀರು ಕುಡಿದಿದೆಯಾ ನೋಡಿ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳೇ ಮುಳುಗಿದ್ದವು. ಟೋಟಲ್ ಲಾಸ್ ಆದ ಕಾರು ಹರಾಜಾಗಿ, ತೊಳೆದು, ಮತ್ತೆ ಮಾರುಕಟ್ಟೆಗೆ ಬರೋದುಂಟು. ಮುಂದಿನ ಸೀಟ್ ಬೆಲ್ಟ್ ಕೊನೇವರೆಗೂ ಎಳೀರಿ. ದಿನಾ ಬಳಸೋ ಭಾಗ ತೊಳೆದಿರುತ್ತಾರೆ, ರೀಲ್ ಒಳಗಿನ ಕೊನೇ ಗೇಣಿನಲ್ಲಿ ಮಣ್ಣಿನ ಗೆರೆ ಉಳಿದಿರುತ್ತೆ. ಸೀಟ್ ಹಳಿಯ ಬೋಲ್ಟ್ ತುಕ್ಕು, ಸ್ಟೆಪ್ನಿ ಗುಂಡಿಯ ಮೂಲೆ, ಡ್ಯಾಶ್ ಕೆಳಗಿನ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು, ಇಷ್ಟೂ ನೋಡಿ.

ಸ್ಪ್ಯಾನರ್ ಹತ್ತು ಹನ್ನೆರಡು
ಎಕ್ಸ್‌ಟೆಂಡೆಡ್ ವಾರಂಟಿ 21,000 ಹೊಡೆಸಬೇಡಿ ಅಕ್ಕ, ಅದೊಂದು ಇರಲಿ. ಕಂಪನಿಯದ್ದೇ ಆಗಿರಬೇಕು, ಡೀಲರ್ ಸ್ವಂತದ್ದಲ್ಲ. ಈಗಿನ ಕಾರಲ್ಲಿ ಕೈಕೊಡೋದು ಎಂಜಿನ್ ಅಲ್ಲ, ಸ್ಕ್ರೀನು, ಸ್ಟೀರಿಂಗ್ ಮೋಟಾರು, ಎಸಿ ಕಂಪ್ರೆಸರ್ರು. ಒಂದೊಂದು ಬಿಡಿಭಾಗಕ್ಕೇ ಆ ದುಡ್ಡು ಆಗುತ್ತೆ. ಮೊದಲ ದಿನವೇ ಕೊಡಬೇಕಿಲ್ಲ, ಆದರೆ ದಿನ ಹೋದಂತೆ ದರ ಏರುತ್ತೆ.

ಉಳಿಸಬೇಕಾದ ಜಾಗ ಸರ್ವಿಸ್ ಕೌಂಟರ್. ಅಡ್ವೈಸರ್‌ಗೆ ವ್ಯಾಲ್ಯೂ ಆಡೆಡ್ ಸರ್ವಿಸ್ ಅಂತ ತಿಂಗಳ ಟಾರ್ಗೆಟ್ ಇರುತ್ತೆ. 10 ಸಾವಿರ ಓಡಿದ ಕಾರಿಗೆ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸ್‌ಇನ್‌ಫೆಕ್ಟೆಂಟ್ ಅಂತ ಬರೆದರೆ ಜಾಬ್ ಕಾರ್ಡ್‌ಗೆ ಸಹಿ ಹಾಕೋ ಮೊದಲೇ ಹೊಡೆದು ಹಾಕಿಸಿ. ಮಾಲೀಕರ ಪುಸ್ತಕದ ಪಟ್ಟಿಯಲ್ಲಿ ಇರೋದು ಮಾತ್ರ ಮಾಡಿಸಿ. ಬದಲಿಸಿದ ಹಳೇ ಭಾಗ ಡಿಕ್ಕಿಯಲ್ಲಿ ಇಡೋಕೆ ಹೇಳಿ. ಪ್ರತಿ ಸರ್ವಿಸ್‌ಗೂ ಚಾಸಿ ನಂಬರ್ ಕೊಟ್ಟು "ಬಾಕಿ ಕ್ಯಾಂಪೇನ್ ಏನಾದರೂ ಇದೆಯಾ" ಅಂತ ಕೇಳಿ. ರೀಕಾಲ್ ಅಂತ ಘೋಷಿಸದ ತಿದ್ದುಪಡಿಗಳು ಅಲ್ಲೇ ಸಿಗೋದು, ಪುಕ್ಕಟೆ.

ಅಗ್ರಹಾರದ ಅಕ್ಕ
ಎಲ್ಲರಿಗೂ ತುಂಬ ಧನ್ಯವಾದ. ಹೊಸ ಚೀಟಿ ಬಂತು: ತೆರಿಗೆ ರಸೀದಿ ಪ್ರಕಾರ, ಹ್ಯಾಂಡ್ಲಿಂಗ್ ಇಲ್ಲ, ಕಿಟ್ ಬದಲು ಮಡ್ ಫ್ಲ್ಯಾಪ್ 1,200, ಇನ್ಶೂರೆನ್ಸ್ 47,300. ಡಿಸ್ಕೌಂಟ್ ಅದೇ 20,000. ಟಾರ್ಕ್ ಕನ್ವರ್ಟರ್ ಇರೋ ವೇರಿಯಂಟ್ ನಾಡಿದ್ದು ಯಾರ್ಡ್‌ನಲ್ಲಿ ನೋಡಬೇಕು. ಬೇರೇನಾದರೂ ಮರೀತಿದ್ದೀನಾ?

ಪೀಣ್ಯ ಡಿಪೋ
ಇನ್ಶೂರೆನ್ಸ್ ಇಳಿಸಿದ್ದು ಐಡಿವಿ ಕಡಿಮೆ ಮಾಡಿ ಅಲ್ಲ ತಾನೇ? 10,45,000 ಇದೆಯಾ ನೋಡಿಕೊಳ್ಳಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಇಲ್ಲದೆ ಕಾರು ಹೊರಗೆ ತರಬೇಡಿ, ಎರಡೂ ಕೀ ಕೇಳಿ ತಗೊಳ್ಳಿ.

ಸ್ಪ್ಯಾನರ್ ಹತ್ತು ಹನ್ನೆರಡು
ಟೈರ್ ಗಾಳಿ! ಲಾರಿಯಲ್ಲಿ ಬರುವಾಗ, ಯಾರ್ಡ್‌ನಲ್ಲಿ ನಿಂತಾಗ 40ರ ಮೇಲೆ ತುಂಬಿರುತ್ತಾರೆ. ಡೆಲಿವರಿ ದಿನ ಇಳಿಸೋದನ್ನು ಎಷ್ಟೋ ಕಡೆ ಮರೀತಾರೆ, ಗಿರಾಕಿ ಸಸ್ಪೆನ್ಷನ್ ಗಟ್ಟಿ ಅಂದುಕೊಂಡು ಓಡಿಸ್ತಾನೆ. ಡ್ರೈವರ್ ಬಾಗಿಲ ಕಂಬದ ಸ್ಟಿಕರ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಇರಲಿ, ಸ್ಟೆಪ್ನಿದೂ ನೋಡಿ.

ಅಗ್ರಹಾರದ ಅಕ್ಕ
ಬ್ರೇಕಪ್ ತೆಗೆದು ನೋಡಿದೆ, ಐಡಿವಿ 9,40,000 ಹಾಕಿದ್ದಾರೆ. ನಾಳೆ ಬೆಳಗ್ಗೆ ಫೋನ್ ಮಾಡಿ ಸರಿ ಮಾಡಿಸ್ತೀನಿ.